ಸೋಡಿಯಂ ನೂರಿಪ್ಪತ್ತಾರು

ಮುಖ ಗೊತ್ತಿರಲಿಲ್ಲ. ಹನ್ನೊಂದು ದಿನ
ಬರೀ ಬಾರ್‌ಕೋಡು, ಎರಡು ಕೊಳವೆ,
ಕೆಂಪು ಮುಚ್ಚಳದ್ದೊಂದು, ನೀಲಿಯದೊಂದು,
ಮೈಗೆ ಅಂಟಿಸಿದ ಚೀಟಿ: ಯಾದವ ಶ್ರೀಯಾನ್, ಐವತ್ತಮೂರು, ಗಂಡು.
ಸೆಂಟ್ರಿಫ್ಯೂಜು ನಿಂತ ಮೇಲೆ ಬೆಳಕಿಗೆ ಹಿಡಿದರೆ
ನಮ್ಮ ನಿಮ್ಮದೆಲ್ಲ ತಿಳಿ ಕೊಬ್ಬರಿ ಎಣ್ಣೆಯ ಬಣ್ಣ.
ಇವರದು ತಾಳೆ ಎಣ್ಣೆ,
ರಾತ್ರಿಯಿಂದ ರಾತ್ರಿಗೆ ಒಂದಿಷ್ಟು ಗಾಢ.

ಮೂರು ಗಂಟೆಗೆ ಫೋನು. ಅಫ್ರಾ ಡಾಕ್ಟರು,
ಪಿಜಿ ಎರಡನೇ ವರ್ಷ, ಆಕಳಿಕೆ ನುಂಗಿದ ದನಿ:
"ಲವೀಟಕ್ಕ, ಹದಿನೇಳನೇ ಬೆಡ್ಡಿನದ್ದು ಬಂತಾ?"
ಓದುತ್ತೇನೆ. ಬಿಲಿರುಬಿನ್ ಹದಿನಾಲ್ಕು ಪಾಯಿಂಟ್ ಎರಡು.
ಕ್ರಿಯಾಟಿನಿನ್ ಎರಡು ಪಾಯಿಂಟ್ ಒಂದು.
ಐಎನ್‌ಆರ್ ಎರಡು.
ಆಚೆ ಮೊಬೈಲಿನ ಗಾಜಿಗೆ ಉಗುರು ತಾಗುವ ಸದ್ದು.
"ಮೂವತ್ತೊಂದು," ಅಂದಳು. "ಸೋಡಿಯಂ?"
ನೂರಿಪ್ಪತ್ತಾರು.
"ಹಾಗಾದ್ರೆ ಮೂವತ್ತನಾಲ್ಕು."
ಆಮೇಲೂ ಸ್ವಲ್ಪ ಹೊತ್ತು
ಇಬ್ಬರೂ ಫೋನು ಇಡಲಿಲ್ಲ.

ಆ ಅಂಕಿಗೆ ಅರ್ಥ ಉಂಟು, ಅಚ್ಚಾದದ್ದು:
ಇಂಥ ನೂರು ಮಂದಿಯಲ್ಲಿ
ತೊಂಬತ್ತು ದಿನ ದಾಟುವವರು ಅರ್ಧದಷ್ಟು.
ಆ ನೂರು ಮಂದಿ ಯಾವ ವಾರ್ಡಿನಲ್ಲಿ ಮಲಗಿದ್ದಾರೋ.
ಇಲ್ಲಿರುವುದು ಒಬ್ಬರು, ಕಿಟಕಿ ಬದಿ.

ಹನ್ನೆರಡನೇ ದಿನ ಸ್ಯಾಂಪಲ್ ಒಡೆದು ಬಂತು,
ಪುನರ್ಪುಳಿ ಶರಬತ್ತಿನ ಕೆಂಪು. ಹೊಸ ಹುಡುಗ ಎಳೆದದ್ದು, ಅವಸರ.
ನಾನೇ ಹತ್ತಿ ಹೋದೆ.

ಕೈಗಳೆರಡು ಒಣಗಿದ ಬಲೆಹಗ್ಗ.
ಹೊಟ್ಟೆ ಮಾತ್ರ ದಡಕ್ಕೆ ಎಳೆದಿಟ್ಟ ದೋಣಿಯ ಅಡಿಯಂತೆ ಬಿಗಿದು, ಹೊಳೆದು.
ಬೊಕ್ಕಪಟ್ಣದವರು. ಬಂದರಿನ ದಕ್ಕೆಯಲ್ಲಿ
ಇಪ್ಪತ್ತಾರು ವರ್ಷ ತಾಂಡೇಲ.
ಪಕ್ಕದಲ್ಲಿ ಬೇಬಿಯಕ್ಕ: ಒಣಮೀನಿಗೆ ಉಪ್ಪು ತಿಕ್ಕಿ ತಿಕ್ಕಿ
ಬಿರಿದ ಬೆರಳು. ಆ ಬೆರಳಲ್ಲೇ ಕಲಸುತ್ತಿದ್ದರು
ಉಪ್ಪಿಲ್ಲದ ಗಂಜಿ.
"ರಕ್ತದಲ್ಲಿ ಉಪ್ಪು ಕಡಿಮೆ ಅಂತ ಹೇಳುವವರೂ ಇವರೇ,
ಊಟಕ್ಕೆ ಉಪ್ಪು ಹಾಕಬೇಡಿ ಅನ್ನುವವರೂ ಇವರೇ.
ಇದೆಂತ ಲೆಕ್ಕ ಮಾರಾಯ್ತಿ?"

ಉಪ್ಪು ಕಡಿಮೆಯಾದದ್ದಲ್ಲ ಅಕ್ಕ, ಅಂದೆ,
ನೀರು ಹೆಚ್ಚಾದದ್ದು.

ಅವರು ನಕ್ಕರು. ಹಳದಿ ಕಣ್ಣು, ಕೆಮ್ಮು, ಮತ್ತೆ ನಗು.
"ಕೇಳಿದ್ಯನಾ ಬೇಬಿ, ನನಗೆ ನೀರು ಹೆಚ್ಚಾಯ್ತಂತೆ!"

ನರ ಹುಡುಕಿದೆ. ಸಿಕ್ಕಿತು, ಜಾರಿತು, ಸಿಕ್ಕಿತು.
ಕೊಳವೆ ತುಂಬುವಾಗ ಅದನ್ನೇ ನೋಡುತ್ತಾ,
"ನೀರಿನ ಬಣ್ಣ ನೋಡಿ ನಾನು ಹೇಳ್ತಿದ್ದೆ," ಅಂದರು,
"ಬಂಗುಡೆ ಉಂಟಾ ಇಲ್ವಾ ಅಂತ.
ನೀವೂ ಅದೇ ಕೆಲಸದವರು.
ಎಷ್ಟು ಕೊಟ್ಟಿದ್ದಾರೆ ಮೇಡಂ, ನನಗೆ?
ಆಗಸ್ಟ್ ಒಂದಕ್ಕೆ ಬೋಟು ಇಳಿಯಬೇಕು. ಎಂಬತ್ತೇಳು ದಿನ."

ನಾನು ಲ್ಯಾಬಿನವಳು, ಅದೆಲ್ಲ ಗೊತ್ತಾಗುವುದಿಲ್ಲ, ಅಂದೆ.
ಹತ್ತಿ ಒತ್ತಿ ಹಿಡಿದೆ. ಎಲ್ಲರಿಗೆ ಒಂದು ನಿಮಿಷ ಸಾಕು.
ಇವರಿಗೆ ನಾಲ್ಕು ನಿಮಿಷವಾದರೂ ಬಿಡಲಾಗಲಿಲ್ಲ.

"ಹವಾಮಾನದವರು ಬೇಡ ಅಂದ ದಿನ
ಸಮುದ್ರ ಚಾಪೆ ಹಾಸಿದ ಹಾಗೆ ಇದ್ದದ್ದುಂಟು.
ಹೋಗಿ ಅಂದ ದಿನ, ನನ್ನ ತಮ್ಮ..."
ಬೇಬಿಯಕ್ಕ ಗಂಜಿಯ ಚಮಚ ಬಾಯಿಗಿಟ್ಟರು.
ನುಂಗಿದರು. ಸಪ್ಪೆ ಮೋರೆ.
"ಆದ್ರೂ ನಾವು ರೇಡಿಯೋ ಆಫ್ ಮಾಡಿದವರಲ್ಲ."

ಕೆಳಗೆ ಬಂದು ನೀಲಿ ಕೊಳವೆಯನ್ನು ಯಂತ್ರಕ್ಕಿಟ್ಟೆ.
ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು, ಅಷ್ಟೇ ಅದರ ಪ್ರಶ್ನೆ.
ನಮ್ಮ ನಿಮ್ಮದು ಹನ್ನೆರಡಕ್ಕೆ ಮುಗಿಯುತ್ತದೆ.
ಫೋನು ಇನ್ನೂ ಬಂದಿಲ್ಲ.
ಹದಿನೆಂಟು. ಹತ್ತೊಂಬತ್ತು.
ತೆರೆಯ ಮೇಲಿನ ಗೆರೆ ಸಂಜೆಯ ಸಮುದ್ರದಂತೆ ಚಪ್ಪಟೆ.
ಇಪ್ಪತ್ತೊಂದು.
ಹಿಡಿ, ಅಂದೆ, ತುಟಿ ಅಲುಗಿಸದೆ.
ಇಪ್ಪತ್ತೆರಡು.